ಲಿಸ್ಬನ್ನಿನ ಕೇರಿಗಳಲ್ಲಿ ಆರು ದಿನ

ಮೊದಲ ದಿನ: ಗ್ರಾಸ

ಚಾವಿ ಬೀಗದೊಳಗೆ ಸಲೀಸಾಗಿ ಹೋಯಿತು, ಆದರೆ ತಿರುಗಲೊಲ್ಲದು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಬಿಸಿ ಬ್ರೆಡ್ಡಿನ ಚೀಲ, ಎದುರಿಗೆ ಹಸಿರು ಬಣ್ಣದ ಹಳೇ ಮರದ ಬೀದಿಬಾಗಿಲು. ಅಕ್ಕನ ಮಗಳು ಆಫೀಸಿಗೆ ಹೋಗಿ ಒಂದು ತಾಸಾಗಿತ್ತು. ನಾನು ಆ ಊರಿಗೆ ಬಂದು ಇನ್ನೂ ಒಂದು ಹಗಲೂ ಕಳೆದಿರಲಿಲ್ಲ. "ಈ ಚಾವಿದು ಎಂಥಾ ಕರ್ಮ ಮಾರಾಯ್ತಿ" ಎಂದು ನನ್ನಷ್ಟಕ್ಕೆ ಗೊಣಗಿದ್ದು ಸ್ವಲ್ಪ ಗಟ್ಟಿಯಾಗಿಯೇ ಬಂದಿರಬೇಕು. ಪಕ್ಕದ ಕಿಟಕಿ ತೆರೆಯಿತು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ತಲೆ ಹೊರಗೆ ಹಾಕಿ "ಶಾವ್?" ಎಂದರು. "ಚಾವಿ" ಎಂದೆ. "ಶಾವ್, ಶಾವ್" ಎಂದು ತಲೆಯಾಡಿಸಿ ಒಳಗೆ ಹೋದವರು ಮೋಟು ಪೆನ್ಸಿಲ್ಲೊಂದನ್ನು ಹಿಡಿದು ಬಂದರು. ಚಾವಿಯ ಹಲ್ಲುಗಳಿಗೆಲ್ಲ ಪೆನ್ಸಿಲ್ಲಿನ ಮೊನೆ ಉಜ್ಜಿ, ಬೀಗಕ್ಕೆ ಹಾಕಿ, ಬಾಗಿಲನ್ನು ಮಂಡಿಯಿಂದ ತುಸು ಒಳಗೆ ಒತ್ತಿ ತಿರುಗಿಸಿದರು. ಕಟಕ್.

ಕುಮಟೆಯಲ್ಲಿ ನಾವು ಬೀಗದಕೈ ಎನ್ನುವುದು ಕಡಿಮೆ, ಚಾವಿ ಎಂದೇ ಅನ್ನುವುದು. ಪೋರ್ಚುಗೀಸರ ಶಬ್ದ ಅದು. ಹಳೆಯ ಪೋರ್ಚುಗೀಸಿನಲ್ಲಿ 'ಚಾವ್' ಎಂದೇ ಉಚ್ಚಾರವಿತ್ತಂತೆ. ಆಮೇಲೆ ಅವರ ನಾಲಿಗೆ 'ಶಾ' ಕಡೆಗೆ ಹೊರಳಿತು, ನಾವು ಮಾತ್ರ 'ಚಾ' ಬಿಡಲಿಲ್ಲ. ಇದನ್ನು ಎಲ್ಲೋ ಓದಿ ತಿಳಿದಿದ್ದೆ, ಆದರೆ ಬಾಗಿಲ ಹೊರಗೆ ಸಿಕ್ಕಿಬಿದ್ದಾಗ ಕೆಲಸಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.

ವೀಸಾ, ಟಿಕೆಟ್ಟು ಎಲ್ಲ ಅಕ್ಕನ ಮಗಳೇ ನೋಡಿಕೊಂಡಿದ್ದಳು, ಅದರ ಕಥೆ ಬೇಡ. "ಬೆಲೆಂ ಗೋಪುರ, ಜೆರೊನಿಮೊಸ್ ಮಠ ಎಲ್ಲ ನೋಡಬೇಕಾ ಚಿಕ್ಕಿ? ಬಿಸಿಲಲ್ಲಿ ಎರಡು ತಾಸು ಕ್ಯೂ ನಿಲ್ಲಬೇಕಾಗ್ತು" ಎಂದು ಅವಳು ಮೊದಲೇ ಹೆದರಿಸಿದ್ದಳು. ಆ ಮಠದಲ್ಲಿರುವುದು ವಾಸ್ಕೋ ಡ ಗಾಮನ ಸಮಾಧಿ. ನಮ್ಮ ಕರಾವಳಿಯವರಿಗೆ ಅವನ ದರ್ಶನ ಮಾಡಿಕೊಂಡು ಬರುವ ತುರ್ತೇನೂ ಇಲ್ಲವಲ್ಲ. "ನೀನು ದಿನಾ ಓಡಾಡುವ ಜಾಗ ತೋರಿಸು ಕೂಸೇ, ಸಾಕು" ಎಂದೆ. ಅವಳಿಗೆ ರಜೆ ಇರಲಿಲ್ಲವಾಗಿ ಹೆಚ್ಚಿನ ಜಾಗ ನಾನೊಬ್ಬಳೇ ನೋಡಿದೆ.

ಅವಳ ಮನೆ ಗ್ರಾಸದಲ್ಲಿ, ಗುಡ್ಡದ ನೆತ್ತಿಯ ಕೇರಿ. ನಾಲ್ಕನೇ ಮಾಳಿಗೆ, ಲಿಫ್ಟ್ ಇಲ್ಲ. ಇಲ್ಲಿ ಮನೆಗಳಿಗೆ ನಂಬರಿನ ಬದಲು ಮಾಳಿಗೆಯ ಲೆಕ್ಕ ಹೇಳಿ 'ಎಡ', 'ಬಲ' ಎನ್ನುತ್ತಾರೆ. ನಾವು ನಾಲ್ಕನೆಯದರ ಎಡ. ಗಂಟೆ ಒತ್ತುವಾಗ ಎಡಬಲ ತಪ್ಪಿದರೆ ಬೇರೆಯವರ ಮಧ್ಯಾಹ್ನದ ನಿದ್ದೆ ಹಾಳು. ಎರಡು ಸಲ ಮಾಡಿದೆ.

ಮಧ್ಯಾಹ್ನ ಕೇರಿ ಸುತ್ತಲು ಹೊರಟೆ. ಪ್ರವಾಸಿಗಳೆಲ್ಲ ಸೆನ್ಯೋರ ದೊ ಮೊಂತಿ ಎಂಬ ನೆತ್ತಿಗೆ ಹೋಗಿ ಊರಿನ ಫೋಟೊ ತೆಗೆದು ಇಳಿದುಬಿಡುತ್ತಾರೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ವಿಲ ಬೆರ್ತ. 'ವಿಲ' ಅಂದರೆ ಬಂಗಲೆಯಲ್ಲ. ಕಾರ್ಖಾನೆಗಳು ಬಂದ ಕಾಲದಲ್ಲಿ ದುಡಿಯುವವರಿಗಾಗಿ ಕಟ್ಟಿದ ವಠಾರ. ನಮ್ಮ ಹಳೇ ಬೆಂಗಳೂರಿನ ವಠಾರಗಳ ಹಾಗೆಯೇ ಬೀದಿಗೆ ಒಂದು ಬಾಯಿ, ಒಳಗೆ ಎದುರುಬದುರು ಮನೆಗಳ ಸಾಲು. ಎರಡೂ ಬದಿ ಕಬ್ಬಿಣದ ಕಟಕಟೆಯ ಚಿಕ್ಕ ಜಗಲಿಗಳು. ಇನ್ನೂ ಸ್ವಲ್ಪ ಆಚೆ ಎಸ್ತ್ರೆಲ ದೋರು, ಎಂದರೆ 'ಚಿನ್ನದ ನಕ್ಷತ್ರ', ಎಂಬ ಬಡಾವಣೆ. ಸ್ಪೇನಿನ ಗಲೀಸಿಯದಿಂದ ಬಂದು ಮಿಠಾಯಿ ವ್ಯಾಪಾರದಲ್ಲಿ ದುಡ್ಡು ಮಾಡಿದವನೊಬ್ಬ 20ನೇ ಶತಮಾನದ ಮೊದಲ ದಶಕದಲ್ಲಿ ಕಟ್ಟಿಸಿದ್ದು. ಗೋಡೆಯ ಹೆಂಚಿನಲ್ಲಿ ನಕ್ಷತ್ರ, ಕಾಲಡಿಯ ಕಲ್ಲಿನಲ್ಲಿ ನಕ್ಷತ್ರ. ಬೀದಿಗಳಿಗೆ ಮನೆಯ ಹೆಂಗಸರ ಹೆಸರಿಟ್ಟಿದ್ದಾನೆ. ಮಿಠಾಯಿ ಮಾರಿ ಇಷ್ಟು ಅಚ್ಚುಕಟ್ಟಾದ ಕೇರಿ ಕಟ್ಟಿಸಿದವನ ಮೇಲೆ ನನಗೆ ವಾಸ್ಕೋನಿಗಿಂತ ಹೆಚ್ಚು ಗೌರವ ಬಂತು.

ಇಳಿಜಾರಿನಲ್ಲಿ ಬರುವಾಗ ಜಾರಿ ಕೂತುಬಿಟ್ಟೆ. ಲಿಸ್ಬನ್ನಿನ ಕಾಲುದಾರಿಗಳೆಲ್ಲ ಅಂಗೈಯೊಳಗೆ ಹಿಡಿಸುವ ಸುಣ್ಣಕಲ್ಲಿನ ತುಂಡುಗಳು, ಜನ ತುಳಿದು ತುಳಿದು ಕನ್ನಡಿಯಂತೆ ನಯವಾಗಿವೆ. ಜೂನ್ ತಿಂಗಳಾದ್ದರಿಂದ ಮೇಲೆ ಜಕರಂಡ ಮರ ನೇರಳೆ ಹೂ ಉದುರಿಸುತ್ತಿತ್ತು. ಬೆಂಗಳೂರಿನಲ್ಲಿ ಮಾರ್ಚಿನ ಹೊತ್ತಿಗೆ ಕಾಣುವ ಅದೇ ಮರ, ಎರಡೂ ಊರಿಗೆ ದಕ್ಷಿಣ ಅಮೆರಿಕದಿಂದ ಬಂದದ್ದು. ಆ ಹೂವಿನ ಅಂಟು, ಈ ಕಲ್ಲಿನ ನಯ, ನನ್ನ ಸವೆದ ಚಪ್ಪಲಿ. ಅಲ್ಲೇ ಕಲ್ಲು ಕೂರಿಸುತ್ತಿದ್ದ ಕೆಲಸಗಾರ ಓಡಿಬಂದು ಎಬ್ಬಿಸಿ "ದೆವಗಾರ್, ದೆವಗಾರ್" ಎಂದ. ನಿಧಾನ, ನಿಧಾನ ಎಂದು. ಸಾವರಿಸಿಕೊಳ್ಳಲು ಅಲ್ಲೇ ಮೆಟ್ಟಿಲ ಮೇಲೆ ಕೂತು ಅವನ ಕೆಲಸ ನೋಡಿದೆ. ಮೊಣಕಾಲೆತ್ತರವೂ ಇಲ್ಲದ ಮಣೆಯ ಮೇಲೆ ಕುಳಿತಿದ್ದಾನೆ. ಎಡಗೈಯಲ್ಲಿ ಕಲ್ಲು, ಬಲಗೈಯಲ್ಲಿ ಸುತ್ತಿಗೆ. ಕಲ್ಲನ್ನು ಅಂಗೈಯಲ್ಲೇ ತಿರುಗಿಸಿ ಒಂದೇ ಏಟು, ಬೇಡದ ಮೂಲೆ ಹಾರಿಹೋಗುತ್ತದೆ. ಮರಳಿನಲ್ಲಿ ಊರಿ, ಸುತ್ತಿಗೆಯ ಹಿಂಬದಿಯಿಂದ ಎರಡು ತಟ್ಟು. ಸಿಮೆಂಟಿಲ್ಲ. ಅಡಿಕೆ ಸುಲಿಯುವವರ ಕೈ ನೋಡಿದ ಹಾಗಾಯಿತು. ಕೈಗೆ ಗೊತ್ತು, ಕಣ್ಣು ಬೀದಿಯ ಮೇಲೆ. ಮರುದಿನವೇ ರಬ್ಬರ್ ಅಟ್ಟೆಯ ಬೂಟು ಕೊಂಡೆ. ಹೋಗುವವರು ಊರಿನಿಂದಲೇ ಹಾಕಿಕೊಂಡು ಹೋಗುವುದು ಮೇಲು, ಅಲ್ಲಿ ಕೊಂಡರೆ ರೂಪಾಯಿಯ ಲೆಕ್ಕ ಹಾಕಿ ಕಾಲಿಗಿಂತ ಎದೆ ನೋಯುತ್ತದೆ.

ಎರಡನೇ ದಿನ: ಕಾಂಪು ದಿ ಓರೀಕ್

ಹಳದಿ ಬಣ್ಣದ 28ನೇ ನಂಬರಿನ ಟ್ರಾಮು ಈ ಊರಿನ ಎಲ್ಲ ಫೋಟೊಗಳಲ್ಲೂ ಇದೆ. ಹತ್ತು ಗಂಟೆಯ ಮೇಲೆ ಹತ್ತಿದರೆ ನಮ್ಮ ಸಿಟಿ ಬಸ್ಸಿನ ಸ್ಥಿತಿ, ಜೇಬುಗಳ್ಳರ ಕಾಟ ಬೇರೆ. ಬೆಳಿಗ್ಗೆ ಏಳಕ್ಕೆ ಗ್ರಾಸದಲ್ಲಿ ಹತ್ತಿದೆ. ಮರದ ಸೀಟಿನಲ್ಲಿ ನಾನು, ಮೀನಿನ ಚೀಲ ಹಿಡಿದ ಒಬ್ಬಾಕೆ, ಶಾಲೆಯ ಇಬ್ಬರು ಹುಡುಗರು. ಕೆಲವು ತಿರುವುಗಳಲ್ಲಿ ಕಿಟಕಿಯಿಂದ ಕೈ ಚಾಚಿದರೆ ಯಾರದೋ ಮನೆಯ ಗೋಡೆ ಸಿಗುತ್ತದೆ. ಅರ್ಧ ಯೂರೊ ಕೊಟ್ಟರೆ ಸಿಗುವ ಕಾರ್ಡಿಗೆ ದುಡ್ಡು ತುಂಬಿಸಿಟ್ಟುಕೊಂಡರೆ ಟ್ರಾಮು, ಮೆಟ್ರೊ, ದೋಣಿ ಎಲ್ಲಕ್ಕೂ ಅದೇ ನಡೆಯುತ್ತದೆ. ಆದರೆ ಒಬ್ಬರಿಗೆ ಒಂದೇ ಕಾರ್ಡು, ಗಂಡಹೆಂಡತಿ ಒಂದರಲ್ಲೇ ಹೋಗಲಾಗುವುದಿಲ್ಲ.

ಟ್ರಾಮಿನ ಕೊನೆಯ ನಿಲ್ದಾಣದ ಹೆಸರು ಪ್ರಜೇರಿಸ್, ಅರ್ಥ 'ಸುಖಗಳು'. ಇಳಿದರೆ ಎದುರಿಗೇ ಸ್ಮಶಾನ! ಅದರ ಹೆಸರೂ ಸುಖಗಳ ಸ್ಮಶಾನ. 1833ರ ಕಾಲರಾ ಹಾವಳಿಯಲ್ಲಿ ಹೆಣ ಹೂಳಲು ಜಾಗ ಸಾಲದೆ ತೆರೆದದ್ದು. ಒಳಗೆ ಗೋರಿಗಳಿಗಿಂತ ಹೆಚ್ಚಾಗಿ ಕಲ್ಲಿನ ಪುಟ್ಟ ಪುಟ್ಟ ಮನೆಗಳು, ನಡುವೆ ಬೀದಿಗಳು, ಬೀದಿಗಳಿಗೆ ನಂಬರು. ಬಾಗಿಲಿಗೆ ಗಾಜು, ಗಾಜಿನ ಹಿಂದೆ ಹೆಣೆದ ಬಿಳಿ ಪರದೆ, ಪರದೆಯ ಸಂದಿಯಲ್ಲಿ ಕಾಣುವುದು ಅಡ್ಡಹಲಗೆಗಳ ಮೇಲಿಟ್ಟ ಶವಪೆಟ್ಟಿಗೆಗಳು. ಮೊದಲ ಸಲ ಇಣುಕಿದಾಗ ಎದೆ ಧಸಕ್ಕೆಂದಿತು. ಒಬ್ಬ ಹೆಂಗಸು ಬಾಲ್ದಿಯಲ್ಲಿ ನೀರು ತಂದು ಅಂಥದೊಂದು ಮನೆಯ ಹೊಸ್ತಿಲು ತೊಳೆಯುತ್ತಿದ್ದರು. ಅವರೂ ಅದಕ್ಕೆ ಬಾಲ್ದ್ ಎಂದೇ ಹೇಳುವುದು.

ಕೇರಿಯ ವಿಶೇಷವೆಂದರೆ ಇದು ಸಪಾಟು. ಏಳು ಗುಡ್ಡಗಳ ಊರೆಂದು ಹೇಳಿಕೊಳ್ಳುವ ಲಿಸ್ಬನ್ನಿನಲ್ಲಿ ಸಪಾಟು ನೆಲ ಎಂದರೆ ಭಾಗ್ಯ. ಚೌಕುಳಿ ಹಾಸಿನಂತೆ ಬೀದಿಗಳು, ಊರುಗೋಲು ಹಿಡಿದ ಮುದುಕರು, ಮೂಲೆಗೊಂದು ಕಾಫಿ ಅಂಗಡಿ. ಚಿಕ್ಕ ಲೋಟದ ಗಟ್ಟಿ ಕಾಫಿಗೆ ಇಲ್ಲಿ 'ಬೀಕ' ಎನ್ನುತ್ತಾರೆ. ನಿಂತೇ ಕುಡಿದು ಹೋಗುವುದು ರೂಢಿ. ನನಗೆ ಅದು ಎರಡು ಗುಟುಕು ಡಿಕಾಕ್ಷನ್. 'ಗಲಾವ್' ಎಂದು ಕೇಳಿದರೆ ಉದ್ದ ಗಾಜಿನ ಲೋಟದಲ್ಲಿ ಹಾಲು ಹೆಚ್ಚಿರುವ ಕಾಫಿ ಬರುತ್ತದೆ, ನಮ್ಮವರಿಗೆ ಅದೇ ಸೈ. 1934ರಲ್ಲಿ ಶುರುವಾದ ಮಾರುಕಟ್ಟೆಯೊಳಗೆ ಈಗ ಒಂದು ಭಾಗ ಹೋಟೆಲುಗಳಾಗಿವೆ. ತರಕಾರಿಯವಳು ಬಟಾಟೆಯ ರಾಶಿ ತೋರಿಸಿ "ಬಟಾಟ?" ಎಂದಾಗ, ಅಂಕೋಲೆಯ ಸಂತೆಯಲ್ಲಿ ನಿಂತಿದ್ದೇನೋ ಎನಿಸಿತು.

ಊಟದ್ದೇ ಫಜೀತಿ. ಸಣ್ಣ ಖಾನಾವಳಿಯೊಂದರಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್ ಕಾಯಿ, ಚೀಸ್ ತಂದಿಟ್ಟರು. ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಇದೂ ಊಟದ ಜೊತೆಯದೇ ಎಂದು ಸಮಾ ತಿಂದೆ. ಬಿಲ್ಲಿನಲ್ಲಿ ಎಲ್ಲಕ್ಕೂ ದರ ಬಿದ್ದಿತ್ತು. ಮುಟ್ಟದಿದ್ದರೆ ದುಡ್ಡಿಲ್ಲ, ಮುಟ್ಟಿದರೆ ಇದೆ, ಅಷ್ಟೇ ಅಲ್ಲಿಯ ನಿಯಮ. ಇನ್ನು ಸೂಪು. 'ಕಾಲ್ದು ವೆರ್ದ್' ಎಂದರೆ ಹಸಿರು ಸಾರು, ಬಟಾಟೆ ಅರೆದು ಸೊಪ್ಪನ್ನು ಕೂದಲೆಳೆಯಂತೆ ಹೆಚ್ಚಿ ಹಾಕಿದ್ದು. "ಸೆಂ ಕಾರ್ನ್", ಮಾಂಸ ಬೇಡ, ಎಂದು ಅಕ್ಕನ ಮಗಳು ಕಲಿಸಿದ್ದನ್ನು ಮೂರು ಸಲ ಹೇಳಿದೆ. ಬಂದ ಬಟ್ಟಲಿನ ನಡುವೆ ಕೆಂಪಗಿನ ಬಿಲ್ಲೆಯೊಂದು ತೇಲುತ್ತಿತ್ತು. ಹಂದಿಮಾಂಸದ ಸಾಸೇಜು. ತೋರಿಸಿದೆ. "ಅದು ಮಾಂಸವಲ್ಲ, ಶೊರೀಸು" ಎಂದು ಆ ತಾಯಿ ಪ್ರೀತಿಯಿಂದ ವಿವರಿಸಿ, ಚಮಚದಲ್ಲಿ ಬಿಲ್ಲೆ ಎತ್ತಿ ತೆಗೆದು, ಅದೇ ಬಟ್ಟಲನ್ನು ನನ್ನ ಮುಂದೆ ಮತ್ತೆ ಇಟ್ಟರು. ಬೈಯಲು ಬಾಯಿ ಬರಲಿಲ್ಲ, ಕುಡಿಯಲು ಮನಸ್ಸು ಬರಲಿಲ್ಲ. ಕೊನೆಗೆ ಹೊಟ್ಟೆ ತುಂಬಿಸಿದ್ದು 'ಅರೋಜ್ ದಿ ಟೊಮಾಟ್'. ಹಸಿಮೆಣಸು, ಒಗ್ಗರಣೆ ಮರೆತ ಟೊಮೆಟೊ ಬಾತು. ಶೊರೀಸು, ಹಂದಿಯ ತೊಡೆಯ ಎಸಳು ಇವನ್ನೆಲ್ಲ ಹೆಸರು ಹೇಳಿಯೇ ಬೇಡವೆನ್ನಬೇಕು ಎಂಬುದು ಆಮೇಲೆ ತಿಳಿದದ್ದು.

ಮೂರನೇ ದಿನ: ಕಾಂಪೊಲೀದ್

ಈ ದಿನ ಪೂರ್ತಿ ಒಂದು ಕಾಲುವೆಗೆ. ಕಣಿವೆಯ ಈಚೆಯಿಂದ ಆಚೆಗೆ ಆಕಾಶದಲ್ಲಿ ಹೊರಟ ಕಲ್ಲಿನ ನೀರುಗಾಲುವೆ. 1731ರಲ್ಲಿ ದೊರೆ ಐದನೇ ಜೊವಾವ್ ಅಪ್ಪಣೆ ಕೊಟ್ಟ, 1748ಕ್ಕೆ ಊರಿಗೆ ನೀರು ಬಂತು. ಖರ್ಚು ದೊರೆಯದಲ್ಲ. ಆಲಿವ್ ಎಣ್ಣೆ, ದ್ರಾಕ್ಷಾರಸ, ಮಾಂಸದ ಮೇಲೆ ತೆರಿಗೆ ಹಾಕಿ ಜನರಿಂದಲೇ ಕಿತ್ತದ್ದು. ಏಳು ವರ್ಷದ ಮೇಲೆ, 1755ರ ನವೆಂಬರ್ 1ರ ಭೂಕಂಪದಲ್ಲಿ ಲಿಸ್ಬನ್ನಿನ ಬಹುಭಾಗ ಕುಸಿಯಿತು, ಸಮುದ್ರ ಉಕ್ಕಿತು, ಬೆಂಕಿ ದಿನಗಟ್ಟಲೆ ಉರಿಯಿತು. ಕಾಲುವೆ ಮಾತ್ರ ಅಲ್ಲಾಡಲಿಲ್ಲ.

ಕೆಳಗೆ ಅಲ್ಕಾಂತರ ಕಣಿವೆ, 35 ಕಮಾನುಗಳು, ಅತಿ ಎತ್ತರದ್ದು 65 ಮೀಟರ್. ಕಾಂಪೊಲೀದ್ ಕೇರಿಯ ಒಂದು ಸಾದಾ ಗೇಟಿನಲ್ಲಿ ಟಿಕೆಟ್ ಕೊಂಡರೆ ಮೇಲೆ ನಡೆಯಬಹುದು. ಹೋದಾಗ ನನ್ನನ್ನು ಬಿಟ್ಟರೆ ಇಬ್ಬರು ಇದ್ದರು. ಸೋಮವಾರ ಇಲ್ಲಿಯ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ ಎಂಬುದನ್ನು ನೆನಪಿಟ್ಟು ಹೊರಟರೆ ಬಾಗಿಲು ನೋಡಿ ವಾಪಸ್ಸು ಬರುವುದು ತಪ್ಪುತ್ತದೆ. ಎದೆಮಟ್ಟದ ಗೋಡೆ, ಒಬ್ಬರು ಆರಾಮಾಗಿ ನಡೆಯುವಷ್ಟು ದಾರಿ, ಬೀಸುವ ಗಾಳಿ. ಕೆಳಗೆ ರೈಲು ಆಟಿಕೆಯಂತೆ ಹೋಗುತ್ತದೆ, ಹೆದ್ದಾರಿಯ ಸದ್ದು ಜೇನುಗೂಡಿನ ಸದ್ದಿನಂತೆ ಮೇಲೇರಿ ಬರುತ್ತದೆ. ಒಂದು ಕಾಲಕ್ಕೆ ಹಳ್ಳಿಯ ಜನ ತರಕಾರಿ ಹೊತ್ತು ಊರಿಗೆ ಬರುತ್ತಿದ್ದ ದಾರಿಯಂತೆ ಇದು. ದಿಯೊಗು ಅಲ್ವಿಸ್ ಎಂಬ ದರೋಡೆಕೋರ ಅಂಥವರನ್ನು ದೋಚಿ ಇಲ್ಲಿಂದ ಕೆಳಗೆ ತಳ್ಳುತ್ತಿದ್ದ ಎಂಬುದು ಊರಲ್ಲೆಲ್ಲ ಚಾಲ್ತಿಯಲ್ಲಿರುವ ಕಥೆ. ಅವನನ್ನು 1841ರಲ್ಲಿ ಗಲ್ಲಿಗೇರಿಸಿದ್ದು ನಿಜ, ಆದರೆ ಅದು ಒಬ್ಬ ವೈದ್ಯರ ಮನೆಗೆ ನುಗ್ಗಿ ಮಾಡಿದ ಕೊಲೆಗಳಿಗಾಗಿ. ಕಾವಲುಗಾರನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಬರುತ್ತಿತ್ತು. ಕಥೆ ಹೇಳುವಾಗ ಮಾತ್ರ ಕೈಯಿಂದ ತಳ್ಳಿ ತೋರಿಸಿದ, ಕಣ್ಣರಳಿಸಿದ. ನಾನು ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ನಾಲ್ಕನೇ ದಿನ: ಲುಮಿಯಾರ್, ಮೌರಾರಿಯ

ಮೂರು ದಿನ ಬ್ರೆಡ್ಡು ತಿಂದ ನಾಲಿಗೆಗೆ ಅಕ್ಕನ ಮಗಳು ಔಷಧ ಹೇಳಿದಳು. ಊರಿನ ಉತ್ತರಕ್ಕೆ ಲುಮಿಯಾರ್ ಎಂಬಲ್ಲಿ ರಾಧಾಕೃಷ್ಣ ದೇವಸ್ಥಾನ, ಅದರಲ್ಲೇ ಊಟದ ಮನೆ. ಬೀದಿಯ ಹೆಸರು ಮಹಾತ್ಮ ಗಾಂಧಿಯದು. ಕಟ್ಟಿಸಿದವರು ಹೆಚ್ಚಾಗಿ ಗುಜರಾತಿಗಳು, 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾದ ಮೇಲೆ ಅಲ್ಲಿಂದ ಇಲ್ಲಿಗೆ ಬಂದವರು. ಅನ್ನ, ದಾಲು, ಪಲ್ಯ, ಚಪಾತಿ. ಸುತ್ತ ಕೂತು ಉಣ್ಣುತ್ತಿದ್ದವರಲ್ಲಿ ಅರ್ಧಕ್ಕರ್ಧ ಆಫೀಸಿನ ಪೋರ್ಚುಗೀಸರು. ನನ್ನೆದುರು ಕೂತ ಹಿರಿಯರು ಹುಟ್ಟಿದ್ದು ಮೊಜಾಂಬಿಕಿನಲ್ಲಿ, ಅಜ್ಜನ ಊರು ದಿಯು. ಹಿಂದಿ ತಡವರಿಸುತ್ತದೆ, ಗುಜರಾತಿ ಮತ್ತು ಪೋರ್ಚುಗೀಸು ನೀರು ಕುಡಿದಂತೆ. ಚಾವಿಯ ಕಥೆ ಹೇಳಿದೆ. ನಕ್ಕು, "ನಮ್ಮದರಲ್ಲೂ ಚಾವಿಯೇ ಬೆಹನ್. ಪಗಾರವೂ ಇದೆ, ಬಟಾಟಾವೂ ಇದೆ. ನಾನು ಚಿಕ್ಕವನಿದ್ದಾಗ ಪೋರ್ಚುಗೀಸರೇ ನಮ್ಮಿಂದ ಕಲಿತರು ಅಂದುಕೊಂಡಿದ್ದೆ" ಎಂದರು.

ಸಂಜೆ ಮೌರಾರಿಯ. 1147ರಲ್ಲಿ ಕ್ರೈಸ್ತ ದೊರೆ ಅಫೊನ್ಸು ಎನ್ರೀಕಿಶ್ ಊರು ಗೆದ್ದ ಮೇಲೆ ಉಳಿದ ಮುಸ್ಲಿಮರಿಗೆ, ಅಂದರೆ 'ಮೂರ'ರಿಗೆ, ಕೋಟೆಯ ಹಿಂದಿನ ನೆರಳಿನ ಇಳಿಜಾರನ್ನು ಬಿಟ್ಟುಕೊಟ್ಟನಂತೆ. ಹೆಸರು ಬಂದದ್ದು ಅದರಿಂದ. ಒಂದು ಓಣಿಯ ಗೋಡೆಗಳ ಮೇಲೆ ಅಲ್ಲೇ ಬಾಳಿದ ಮುದುಕ ಮುದುಕಿಯರ ಕಪ್ಪುಬಿಳುಪು ಫೋಟೊಗಳಿವೆ. ಕಾಪೆಲಾವ್ ಬೀದಿಯಲ್ಲಿ ಮರಿಯ ಸೆವೇರ ಎಂಬ ಹಾಡುಗಾರ್ತಿಯ ಮನೆ. ಫಾದು ಎಂಬ ಇಲ್ಲಿಯ ವಿಷಾದದ ಹಾಡಿಕೆಯ ಮೊದಲ ದೊಡ್ಡ ಹೆಸರು ಅವಳದು, 1846ರಲ್ಲಿ ತೀರಿಕೊಂಡಾಗ ಇಪ್ಪತ್ತಾರೇ ವರ್ಷ.

ಅಲ್ಲಿಂದ ಇಳಿದು ಬೆನ್ಫರ್ಮೋಜು ಬೀದಿಗೆ ಕಾಲಿಟ್ಟರೆ ಭಾಷೆ ಬಂಗಾಳಿ, ವಾಸನೆ ಮಸಾಲೆಯದು. ಕಿರಾಣಿ ಅಂಗಡಿಯಲ್ಲಿ ಕರಿಬೇವು ಕಂಡು ಕೂಗಿಯೇಬಿಟ್ಟೆ. ಅಂಗಡಿಯ ಬಾಂಗ್ಲಾದೇಶದ ಹುಡುಗ ಹಿಂದಿಯಲ್ಲಿ ಮಾತಿಗಿಳಿದ. ಬಂದು ಮೂರು ವರ್ಷ, ಕಾಗದಪತ್ರಕ್ಕೆ ಕಾಯುತ್ತಿದ್ದಾನೆ, ಮದುವೆಯಾದ ಹೆಂಡತಿಯನ್ನು ವಿಡಿಯೊದಲ್ಲಿ ನೋಡುತ್ತಾನೆ. 2024ರ ಡಿಸೆಂಬರಿನಲ್ಲಿ ಪೊಲೀಸರು ಇದೇ ಬೀದಿಯ ಹತ್ತಾರು ಜನರನ್ನು ಗೋಡೆಗೆ ಮುಖ ಮಾಡಿ ಕೈ ಎತ್ತಿ ನಿಲ್ಲಿಸಿ ತಪಾಸಣೆ ಮಾಡಿದ್ದು ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಆ ಸಾಲಿನಲ್ಲಿ ತಾನೂ ಇದ್ದೆ ಎಂದ. "ಜನವರಿಯಲ್ಲಿ ದೊಡ್ಡ ಮೆರವಣಿಗೆ ಮಾಡಿದರು ಆಂಟಿ, ಇಲ್ಲಿಯವರೇ, ನಮ್ಮ ಪರವಾಗಿ. ಅಷ್ಟೊಂದು ಜನ ಬರ್ತಾರೆ ಅಂದ್ಕೊಂಡಿರಲಿಲ್ಲ" ಎಂದು ಹೇಳುತ್ತಾ ಕರಿಬೇವಿನ ಜೊತೆ ಎರಡು ಹಸಿಮೆಣಸು ಹೆಚ್ಚಿಗೆ ಹಾಕಿದ. ರಾತ್ರಿ ನಾಲ್ಕನೇ ಮಾಳಿಗೆಯಲ್ಲಿ ಒಗ್ಗರಣೆ ಸಿಡಿಯಿತು. ಎದುರಿನ 'ಬಲ'ದವರು ಕೆಮ್ಮಿದ್ದು ಗೋಡೆಯಾಚೆಯಿಂದಲೇ ಕೇಳಿತು.

ಐದನೇ ದಿನ: ಕಸೀಲ್ಯಾಸ್

ತೇಜೊ ನದಿಯ ಆಚೆ ದಡದ ಕೇರಿ, ದೋಣಿಯಲ್ಲಿ ಹತ್ತು ನಿಮಿಷ. ಕೆಲಸಕ್ಕೆ ಹೋಗಿಬರುವವರೇ ತುಂಬಿರುವ ದೋಣಿ. ಕಿತ್ತಳೆ ಬಣ್ಣ, ಡೀಸೆಲ್ ವಾಸನೆ, ಹಗ್ಗ ಎಸೆದು ಹಿಡಿಯುವವರು. ತದಡಿಯಲ್ಲಿ ಅಘನಾಶಿನಿ ದಾಟುವ ನೆನಪು ಬರದೆ ಹೇಗಿರುತ್ತದೆ? ಎಡಕ್ಕೆ ಊರು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು, ಬಲಕ್ಕೆ ಕೆಂಪು ಸೇತುವೆ. 1966ರಲ್ಲಿ ಕಟ್ಟಿದಾಗ ಸರ್ವಾಧಿಕಾರಿ ಸಲಜಾರನ ಹೆಸರಿತ್ತು. 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಆ ತಾರೀಕನ್ನೇ ಹೆಸರಾಗಿ ಇಟ್ಟರು.

ದಡಕ್ಕಿಳಿದವಳು ಊಟಕ್ಕೆ ಜಾಗ ಹುಡುಕಬೇಕೆಂದಿದ್ದೆ. ಎದುರಿಗೆ ಮೂರು ಕೂವೆಕಂಬದ ಹಳೇ ಯುದ್ಧನೌಕೆ ನಿಂತಿತ್ತು. 'ದೊಂ ಫೆರ್ನಾಂದು ಎರಡನೆಯವನು ಮತ್ತು ಗ್ಲೋರಿಯ' ಎಂದು ಉದ್ದ ಹೆಸರು. ಫಲಕ ಓದಿ ನಿಂತಲ್ಲೇ ನಿಂತೆ. ಹಡಗು ಹುಟ್ಟಿದ್ದು ದಮನ್‌ನಲ್ಲಿ, 1843ರಲ್ಲಿ ನೀರಿಗಿಳಿದದ್ದು. ಮರ ನಗರ ಹವೇಲಿಯ ಕಾಡಿನ ಸಾಗವಾನಿ. ಗೋವೆಗೆ ಎಳೆದು ತಂದು ಹಾಯಿ ಕಟ್ಟಿದರು, 1845ರಲ್ಲಿ ಅಲ್ಲಿಂದ ಲಿಸ್ಬನ್ನಿಗೆ ಹೊರಟಿತು. ಬರೀ ಹಾಯಿಯ ಮೇಲೆ ನಡೆದ ಪೋರ್ಚುಗಲ್ಲಿನ ಕೊನೆಯ ಯುದ್ಧನೌಕೆ. 1963ರಲ್ಲಿ ಬೆಂಕಿಗೆ ಸಿಕ್ಕಿ ಸುಮಾರು ಮೂವತ್ತು ವರ್ಷ ಇದೇ ನದಿಯ ಕೆಸರಿನಲ್ಲಿ ಬಿದ್ದಿತ್ತು. 1998ರ ಹೊತ್ತಿಗೆ ಎತ್ತಿ ರಿಪೇರಿ ಮಾಡಿದರು.

ಒಳಗೆ ಹೋಗಿ ಕೆಳ ಅಂತಸ್ತಿನ ದಪ್ಪ ತೊಲೆಯೊಂದರ ಮೇಲೆ ಅಂಗೈ ಇಟ್ಟೆ. ಬೆಂಕಿಯ ನಂತರ ಹೊಸ ಮರ ಎಷ್ಟೋ ಸೇರಿದೆ, ನನ್ನ ಕೈಕೆಳಗಿನದು ಯಾವುದೆಂದು ಹೇಳಲಾಗದು. ನಮ್ಮ ಮನೆಯ ಹೆಬ್ಬಾಗಿಲು, ಅಜ್ಜನ ಅಲಮಾರು ಎಲ್ಲ ಸಾಗವಾನಿಯವೇ. ಮೂಗು ಹತ್ತಿರ ಒಯ್ದೆ, ಹೊಸ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ನಾವಿಕರು ಮಲಗುತ್ತಿದ್ದ ತೂಗುಬಟ್ಟೆಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಕರೆದವರ ಹಡಗುಗಳಲ್ಲಿ ಮೆಣಸಿಗೆ ಸಿಕ್ಕಷ್ಟು ಜಾಗ ಮನುಷ್ಯರಿಗೆ ಸಿಕ್ಕಿರಲಾರದು. ಹೊರಬಂದಾಗ ಮೂರು ಗಂಟೆ, ಖಾನಾವಳಿಗಳು ಮುಚ್ಚಿದ್ದವು. ಬಾಳೆಹಣ್ಣು ತಿಂದು ದೋಣಿ ಹತ್ತಿದೆ.

ಆರನೇ ದಿನ: ಮತ್ತೆ ಗ್ರಾಸ, ಜೂನ್ 12

ಮರುದಿನ ಸಂತ ಆಂತೋನಿಯ ಹಬ್ಬ. ಇಟಲಿಯ ಪಾದುವದ ಸಂತನೆಂದು ಲೋಕ ಕರೆಯುತ್ತದೆ, ಹುಟ್ಟಿದ್ದು ಲಿಸ್ಬನ್ನಿನಲ್ಲಿ. ಹಾಗಾಗಿ ಇಲ್ಲಿಯವರಿಗೆ ಅವನು ಮನೆಮಗ. ಮುನ್ನಾದಿನದ ರಾತ್ರಿ ಕೇರಿಕೇರಿಯೂ ಬೀದಿಗೆ ಬರುತ್ತದೆ. ನಮ್ಮ ಬಂಡಿಹಬ್ಬದ ಗೌಜೇ ಗೌಜು. ಬೀದಿಯುದ್ದಕ್ಕೂ ಬಣ್ಣದ ಕಾಗದದ ತೋರಣ, ಬಾಗಿಲಬಾಗಿಲಿಗೂ ಕೆಂಡದ ಮೇಲೆ ಸಾರ್ಡೀನ್, ಅಂದರೆ ನಮ್ಮ ತಾರ್ಲೆ ಮೀನು. ಹೊಗೆ ನಾಲ್ಕನೇ ಮಾಳಿಗೆಗೂ ಬಂತು. ಶಾಖಾಹಾರಿಗಳು ಅಂದು ಊರು ಬಿಡಬೇಕು, ಇಲ್ಲವೇ ಮೂಗು ಬಿಡಬೇಕು. ನಾನು ಸೆರಗಿಗೆ ಒಂದು ನಿಂಬೆಹಣ್ಣು ಕಟ್ಟಿಕೊಂಡು ಇಳಿದೆ.

ಮೆಟ್ಟಿಲ ಬುಡದಲ್ಲಿ ಮಕ್ಕಳು ಪೆಟ್ಟಿಗೆಗೆ ಕಾಗದ ಅಂಟಿಸಿ ಸಂತನಿಗೆ ಪುಟ್ಟ ಸಿಂಹಾಸನ ಮಾಡಿಟ್ಟು ಚಿಲ್ಲರೆ ಬೇಡುತ್ತಿದ್ದರು. ಭೂಕಂಪದಲ್ಲಿ ಬಿದ್ದ ಸಂತನ ಇಗರ್ಜಿಯನ್ನು ಮತ್ತೆ ಕಟ್ಟಲು ಮಕ್ಕಳು ನಾಣ್ಯ ಕೂಡಿಸಿದ ಕಾಲದಿಂದ ಬಂದ ಪದ್ಧತಿಯಂತೆ. ಈಗಿನ ನಾಣ್ಯ ಐಸ್‌ಕ್ರೀಮಿಗೆ. ಪೆನ್ಸಿಲ್ ಅಜ್ಜಿ ತಮ್ಮ ಟಿವಿಯನ್ನು ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಇಟ್ಟಿದ್ದರು. ಪೇಟೆಯ ದೊಡ್ಡ ರಸ್ತೆಯಲ್ಲಿ ಕೇರಿಗಳ ನಡುವೆ ಹಾಡು ಕುಣಿತದ ಸ್ಪರ್ಧೆ, 1932ರಲ್ಲಿ ಶುರುವಾದದ್ದು. ಗ್ರಾಸದ ತಂಡ ಬಂದಾಗ ಬೀದಿ ಚಪ್ಪಾಳೆ ತಟ್ಟಿತು. ಬೇರೆ ಕೇರಿ ಬಂದಾಗ ಅಜ್ಜಿ ಉಡುಪಿನಲ್ಲಿ ಹುಳುಕು ಹುಡುಕಿದರು. ಮಾತು ತಿಳಿಯದಿದ್ದರೂ ಮೂಗು ಮುರಿದದ್ದು ತಿಳಿಯಿತು.

ಹನ್ನೊಂದರ ಹೊತ್ತಿಗೆ ಅಜ್ಜಿ ಒಳಗಿನಿಂದ ಒಂದು ಕುಂಡ ತಂದು ನನ್ನ ಕೈಗಿಟ್ಟರು. ಚೆಂಡಿನಂತೆ ದುಂಡಗೆ ಬೆಳೆದ, ಸಾಸಿವೆಗಿಂತ ತುಸು ದೊಡ್ಡ ಎಲೆಗಳ ಗಿಡ, ನಡುವೆ ಸಿಕ್ಕಿಸಿದ ಕಾಗದದ ಹೂವು, ಚೀಟಿಯಲ್ಲಿ ನಾಲ್ಕು ಸಾಲಿನ ಪದ್ಯ. 'ಮಂಜೆರೀಕು'. ಈ ಹಬ್ಬಕ್ಕೆ ಪ್ರೀತಿಯವರಿಗೆ ಕೊಡುವುದು. ನಮ್ಮ ತುಳಸಿ, ಕಾಮಕಸ್ತೂರಿಗಳ ಹತ್ತಿರದ ನೆಂಟ. ಕಂಡೊಡನೆ ಮೂಗು ಇಟ್ಟೆ. ಅಜ್ಜಿ ಕಿರುಚಿ ಕುಂಡ ಕಿತ್ತುಕೊಂಡರು. ಅಕ್ಕನ ಮಗಳು ನಗುತ್ತಾ ಅನುವಾದಿಸಿದಳು: "ಮೂಗು ತಾಗಿಸಿ ಮೂಸಿದರೆ ಗಿಡ ಬಾಡ್ತು ಹೇಳ್ತಾರೆ ಚಿಕ್ಕಿ. ಅಂಗೈಯಿಂದ ಸವರಿ, ಕೈ ಮೂಸಬೇಕು." ಅಜ್ಜಿ ನನ್ನ ಅಂಗೈ ಹಿಡಿದು ಗಿಡದ ಮೇಲೆ ಆಡಿಸಿ ನನ್ನ ಮೂಗಿಗೇ ಹಿಡಿದರು. ಮೀನಿನ ಹೊಗೆಯ ನಡುವೆಯೂ ಘಮ್ಮೆಂದಿತು.

ವಿಮಾನದಲ್ಲಿ ತರಲಾಗದೆ ಗಿಡವನ್ನು ಅಡುಗೆಮನೆಯ ಕಿಟಕಿಯಲ್ಲಿ ಬಿಟ್ಟು ಬಂದೆ. ಕುಮಟೆಗೆ ಬಂದು ಹತ್ತು ದಿನಕ್ಕೆ ವಾಟ್ಸ್ಆ್ಯಪಿನಲ್ಲಿ ಒಣಗಿದ ಕುಂಡದ ಫೋಟೊ ಬಂತು. ಕೆಳಗೆ ಬರೆದಿದ್ದಳು: "ಕೆಳಗಿನಜ್ಜಿ ನಿನ್ನ ಹೆಸರೇ ಹೇಳ್ತಾ ಇದ್ದು."